ಕಬ್ಬಿನ ಲಾರಿ ನಿಂತ ಬೆಳಿಗ್ಗೆ

ಲಾರಿಯ ಬ್ರೇಕು ಕಿರುಚಿದ ಸದ್ದಿಗೆ ಸೆರೆಯಿಮಾ ಶಾಲೆಯ ಗಂಟೆಯ ಹಗ್ಗ ಬಿಟ್ಟು ಗೇಟಿನತ್ತ ಓಡಿದಳು. ಒಂದನೇ ಕ್ಲಾಸಿನ ಲೋಸಾ ರಸ್ತೆಯ ನಟ್ಟನಡುವೆ ನಿಂತಿದ್ದಳು. ಅವಳ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ಮಿಲ್ಲಿಗೆ ಹೊರಟಿದ್ದ ಕಬ್ಬಿನ ಲಾರಿ. ಡ್ರೈವರ್ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಹುಡುಗಿ ಮಾತ್ರ ಎದುರಿನ ಅಂಗಡಿಯ ಜಗಲಿಯನ್ನೇ ನೋಡುತ್ತಿದ್ದಳು. ಅಲ್ಲಿ ಹರದಯಾಲ್ ಮೇಷ್ಟ್ರು ಚಹಾ ಲೋಟ ಹಿಡಿದು, ಬೆಂಚಿನಿಂದ ಅರ್ಧ ಎದ್ದವರು ಹಾಗೇ ನಿಂತುಬಿಟ್ಟಿದ್ದರು.

ಸೆರೆಯಿಮಾ ಲೋಸಾಳನ್ನು ಎತ್ತಿಕೊಂಡಳು. ಹುಡುಗಿ ಅವಳ ಎದೆಗೆ ಗುದ್ದಿದಳು, ಮುಂಗೈ ಕಚ್ಚಿದಳು. "ಬಿಡು ನನ್ನ! ಮೇಷ್ಟ್ರ ಹತ್ರ ಹೋಗ್ಬೇಕು!"

ಸೆರೆಯಿಮಾ ಲೆವುಕಾ ಪಟ್ಟಣದಿಂದ ಈ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವಳಿಗೂ ಮುಂಚೆ ಆ ಕುರ್ಚಿಯಲ್ಲಿದ್ದ ಹರದಯಾಲರು ಇನ್ನೊಂದು ವರ್ಷ ಇರುತ್ತೇನೆಂದು ಕೇಳಿಕೊಂಡಿದ್ದರಂತೆ; ವಯಸ್ಸಾಯಿತೆಂದು ಇಲಾಖೆ ರಜೆಯ ನಡುವೆಯೇ ಅವರನ್ನು ಮನೆಗೆ ಕಳಿಸಿತ್ತು. ಆ ಸಿಟ್ಟಿಗೆ ಬೀಳ್ಕೊಡುಗೆಯೂ ಬೇಡವೆಂದು ಬೀಗದ ಕೈ ಎಸೆದು ಹೋಗಿದ್ದರು. ರಜೆ ಮುಗಿಸಿ ಬಂದ ಮಕ್ಕಳಿಗೆ ಕಂಡದ್ದು ಅವರ ಕುರ್ಚಿಯಲ್ಲಿ ಬೇರೊಬ್ಬಳು. ಯಾರೂ ಏನೂ ಹೇಳಿರಲಿಲ್ಲ. ಅಳುತ್ತಿದ್ದ ಸಣ್ಣವರನ್ನು ಸೆರೆಯಿಮಾ ಮೊದಲ ದಿನವೇ "ಸಾಕು, ಸಾಲಾಗಿ ನಿಂತ್ಕೊಳ್ಳಿ" ಎಂದು ಗದರಿಬಿಟ್ಟಿದ್ದಳು. ಅಲ್ಲಿಂದಾಚೆಗೆ ಅವಳನ್ನು ಕಂಡರೆ ಅವರು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಮೇಷ್ಟ್ರೋ ದಿನಾ ಬೆಳಿಗ್ಗೆ ಎದುರಿನ ಜಗಲಿಗೆ ಬಂದು ಕೂರತೊಡಗಿದ್ದರು. ಗಂಟೆ ಹೊಡೆದರೂ ಮಕ್ಕಳು ಅಲ್ಲೇ ಮುತ್ತಿಕೊಂಡಿರುತ್ತಿದ್ದರು.

ಅವಳು ಹುಡುಗಿಯನ್ನು ಕಂಕುಳಲ್ಲಿ ಅವುಚಿಕೊಂಡೇ ರಸ್ತೆ ದಾಟಿದಳು.

"ಮೇಷ್ಟ್ರ ಕಾಲ್ದಲ್ಲಿ ಈ ರಸ್ತೇಲಿ ಒಂದು ಕೋಳೀನೂ ಸತ್ತಿರ್ಲಿಲ್ಲ," ಅಂಗಡಿಯ ಬಿಸುನ್ ಒಳಗಿನಿಂದಲೇ ಕುಟುಕಿದ.

ಅವನತ್ತ ತಿರುಗದೆ ಸೆರೆಯಿಮಾ ಮೇಷ್ಟ್ರಿಗೆ ಹೇಳಿದಳು: "ನಾಳೆಯಿಂದ ನೀವಿಲ್ಲಿ ಕೂರಬಾರ್ದು."

"ಇದು ನಿನ್ನ ಶಾಲೆ ಅಲ್ಲಮ್ಮ, ಬಿಸುನ್ ಅಂಗಡಿ. ಒಂದು ಗೇಟು ಹಾಕ್ಕೊಳ್ಳೋಕೆ ಬರ್ದೋಳು ನಂಗೆ ಬುದ್ಧಿ ಹೇಳೋಕೆ ಬಂದ್ಲು!"

"ಗೇಟು ಹಾಕ್ದೆ ಇದ್ದಿದ್ದು ನನ್ನ ತಪ್ಪೇ. ನಿಮ್ಮದು ಹೇಳ್ಲಾ? ಚಹಾ ಕುಡಿದು ಮುಗಿಸಿ ನೀವು ಒಳಗೆ ಬರ್ತೀರಿ ಅಂತ ಈ ಮಕ್ಳು ದಿನಾ ಕಾಯ್ತಿದಾವೆ. ಬರಲ್ಲ ಅಂತ ನೀವು ಹೇಳೇ ಇಲ್ಲ. ಇಲಾಖೆ ಮೇಲಿನ ಸಿಟ್ಟನ್ನ ಇವರ ಮೇಲೆ ತೀರಿಸ್ಕೊಂಡ್ರಿ."

"ನಾಲಿಗೆ ಬಿಗಿ ಹಿಡಿ! ನಿನ್ನೆ ಮೊನ್ನೆ ಬಂದೋಳು ನೀನು—"

"ಮೇಷ್ಟ್ರೇ," ಲೋಸಾ ನಡುವೆ ಬಾಯಿ ಹಾಕಿದಳು. ಬಿಕ್ಕುತ್ತಿದ್ದಳು. "ಅವತ್ತು ನಾನು ಗಲಾಟೆ ಮಾಡಿದ್ದಕ್ಕೆ ಹೋದ್ರಾ? ಇನ್ಮೇಲೆ ಮಾಡಲ್ಲ. ಬನ್ನಿ."

ಲೋಟ ಓರೆಯಾಗಿ ಚಹಾ ಮೇಷ್ಟ್ರ ಪಾದದ ಮೇಲೆ ಸುರಿಯುತ್ತಿದ್ದರೂ ಅವರಿಗೆ ಅರಿವಿರಲಿಲ್ಲ.

ಆ ಮಧ್ಯಾಹ್ನ ಸೆರೆಯಿಮಾ ಒಂದನೇ ಕ್ಲಾಸಿನ ನೆಲದ ಮೇಲೆ ಕೂತು ಬೇಯಿಸಿದ ಮರಗೆಣಸು ತಿಂದಳು. ಯಾರೂ ಅವಳ ಪಕ್ಕಕ್ಕೆ ಬರಲಿಲ್ಲ. ಕಚ್ಚಿದ ಜಾಗ ಊದಿಕೊಂಡಿತ್ತು.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನೊಳಗೆ ಬಂದರು. ಮಕ್ಕಳು ಹೋ ಎಂದು ಕೂಗಿದರು. ಇನ್ನು ಈ ಶಾಲೆ ತನಗೆ ದಕ್ಕದು ಎಂದು ಸೆರೆಯಿಮಾಗೆ ಅನಿಸಿತು. ಆದರೂ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವರು ಅವಳ ಮುಖ ನೋಡಲಿಲ್ಲ.

"ಕೇಳ್ರೋ," ಅವರ ದನಿ ಒರಟಾಗಿತ್ತು. "ನಂಗೆ ವಯಸ್ಸಾಯ್ತು, ಕೆಲ್ಸ ಮುಗೀತು. ಯಾರ ಗಲಾಟೆಗೂ ಹೋಗಿದ್ದಲ್ಲ. ಶಾಲೆ ಶುರುವಾದ ದಿನಾನೇ ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ನಾನಿನ್ನು ಬರಲ್ಲ. ನಾಳೇನೂ ಇಲ್ಲ, ಮುಂದಿನ ವರ್ಷಾನೂ ಇಲ್ಲ. ಬಿದ್ದು ಮಂಡಿ ತರ್ಚ್ಕೊಂಡ್ರೆ ಈ ಮೇಡಂ ಹತ್ರ ಹೋಗ್ಬೇಕು. ಜೋರು ಬಾಯಿ ಇದೆ ಇವಳಿಗೆ. ನಂಗೂ ಇತ್ತು."

ಯಾರೋ ಒಬ್ಬರು ಕಿಸಕ್ಕೆಂದರು. ಸಣ್ಣವರ ಸಾಲಿನಲ್ಲಿ ಅಳು ಶುರುವಾಯಿತು. ಈ ಸಲ ಸೆರೆಯಿಮಾ ಗದರಲಿಲ್ಲ. ಅಳು ತಾನಾಗಿ ಇಳಿಯುವವರೆಗೂ ಎಲ್ಲರೂ ಬಿಸಿಲಲ್ಲಿ ನಿಂತಿದ್ದರು.

ಗೇಟಿನವರೆಗೆ ಮೇಷ್ಟ್ರ ಹಿಂದೆ ನಡೆದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರೇ ತಡೆದರು. "ನಿನ್ನ ಥ್ಯಾಂಕ್ಸು ನೀನೇ ಇಟ್ಕೋ. ನಿನಗೋಸ್ಕರ ಬಂದಿದ್ದಲ್ಲ."

"ಗೊತ್ತು."

"ಆ ಕುರ್ಚಿಗೆ ನೀನು ಲಾಯಕ್ಕಿಲ್ಲ ಅಂತ ಇವತ್ತೂ ಹೇಳ್ತೀನಿ."

"ಹೇಳ್ಕೊಳ್ಳಿ."

ಅವರು ಚರಂಡಿಗೆ ಉಗಿದು, ಅಂಗಡಿಯತ್ತ ತಿರುಗದೆ, ಕಬ್ಬಿನ ಗದ್ದೆಗಳ ನಡುವಿನ ಮಣ್ಣುದಾರಿ ಹಿಡಿದು ಹೊರಟರು.

ಸೆರೆಯಿಮಾ ಗೇಟು ಎಳೆದು ಅಗುಳಿ ಹಾಕಿದಳು. ಉಳಿದವರೆಲ್ಲ ಕ್ಲಾಸಿಗೆ ಹೋಗಿದ್ದರು. ಲೋಸಾ ಒಬ್ಬಳೇ ಬಂದು ಬೇಲಿಯ ತಂತಿ ಹಿಡಿದು, ಮೇಷ್ಟ್ರ ಬೆನ್ನು ಕಬ್ಬಿನ ಮರೆಗೆ ಸರಿಯುವವರೆಗೂ ನೋಡಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಸೆರೆಯಿಮಾ ಕರೆಯಲಿಲ್ಲ, ಕೈಯನ್ನೂ ಚಾಚಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ತಂತಿ ಬಿಟ್ಟು, ಅವಳ ಕಡೆ ನೋಡದೆಯೇ ಹಿಂದೆ ಹಿಂದೆ ಸರಿದು, ಅವಳ ನೆರಳಿನೊಳಗೆ ಬಂದು ನಿಂತಳು.