ಬಾಯಿ ಒಣಗುವ ಔಷಧಿ

ಗ್ಲೆನಿಸ್ ಸ್ಯಾಂಡ್‌ವಿಚ್ ತಟ್ಟೆಯನ್ನು ಮೇಜಿಗಿಡುವ ಮೊದಲೇ ನಾದಿನಿ ಬೆವರ್ಲಿ ಕಸಿದುಕೊಂಡಳು. ಗಂಡ ಡೆಸ್‌ನನ್ನು ಮಣ್ಣು ಮಾಡಿ ಬಂದು ಗಂಟೆಯೂ ಆಗಿರಲಿಲ್ಲ. ಬರ್ನಿ ಪಟ್ಟಣದ ಬೌಲ್ಸ್ ಆಟದ ಕ್ಲಬ್ಬಿನಲ್ಲಿ ಅರ್ಧ ಊರೇ ನೆರೆದಿತ್ತು.

"ಕೂತ್ಕೊ ಅತ್ತಿಗೆ. ಮಲಗಿದೋನು ಏಳಲಿಲ್ಲ ಅಂದ್ರೆ ಪುಣ್ಯದ ಸಾವು. ಅಗೋ, ಔಷಧಿ ಅಂಗಡಿ ಥೂಯ್ ಬಂದ್ಲು. ದಿನಾ ಬೆಳಿಗ್ಗೆ ಅಲ್ಲಿಗೆ ಓಡ್ತಿದ್ನಲ್ಲ, ಇವಳನ್ನೇ ಇಟ್ಕೊಂಡಿದೀಯೇನೋ ಅಂತ ಅಣ್ಣನ್ನ ಎಷ್ಟು ರೇಗಿಸ್ತಿದ್ವಿ!"

ಗ್ಲೆನಿಸ್ ನಗಲಿಲ್ಲ. ಕಾಗದದ ಗಿರಣಿಯಲ್ಲಿ ಬೆನ್ನು ಮುರಿದುಕೊಂಡ ಡೆಸ್‌ಗೆ ನೋವಿನ ಮಾತ್ರೆಯೇ ಚಟವಾಗಿ, ಅದನ್ನು ಬಿಡಿಸಲು ಥೂಯ್ ದಿನಾ ಮೆಥಡೋನ್ ಎಂಬ ಔಷಧಿ ಕುಡಿಸುತ್ತಿದ್ದಳು. ಅದರ ಕಾಟಗಳಿಗೆ ಉಪಾಯ ಹೇಳಿದವಳೂ ಅವಳೇ. ಮಲಬದ್ಧತೆಗೆ ನೆನೆಸಿದ ಪ್ಲಮ್, ಒಣಗುವ ಬಾಯಿಗೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಬೆವರಿಗೆ ಗಾಡಿಯಲ್ಲೊಂದು ಬದಲಿ ಅಂಗಿ. ಅಷ್ಟಾದರೂ ಹಲ್ಲು ಹುಳುಕಾದವು. ಊರಿಗೆ ಇದಾವುದೂ ಗೊತ್ತಿರಲಿಲ್ಲ.

ಥೂಯ್ ಹತ್ತಿರ ಬಂದು ಅವಳ ಕೈ ಹಿಡಿದು ಮೆಲ್ಲಗೆ ಕೇಳಿದಳು. "ಹಲ್ಲುನೋವಾದ್ರೂ ಕಮ್ಮಿ ಆಗಿತ್ತಾ ಗ್ಲೆನಿಸ್?"

"ಆಗಿತ್ತು. ಪಕ್ಕದೂರಿನ ಹಲ್ಲಿನ ಡಾಕ್ಟ್ರು ಕೀವಿಗೆ ಮಾತ್ರೆ ಕೊಟ್ರು, ಅಲ್ಲಿನ ಅಂಗಡೀಲೇ ತಗೊಂಡ್ವಿ." ಮಾತ್ರೆಯ ಹೆಸರನ್ನೂ ಹೇಳಿದಳು.

ಥೂಯ್ ಮುಖ ಬಿಳಿಚಿಕೊಂಡಿತು. "ಅದು ಮೆಥಡೋನ್ ಜೊತೆ ಸೇರಿದ್ರೆ ಹೃದಯ ನಿಂತೇ ಹೋಗ್ಬಹುದು. ಡಾಕ್ಟ್ರಿಗೆ ಹೇಳಿರ್ಲಿಲ್ವಾ?"

*

ಡೆಸ್ ಅವತ್ತು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ. "ಬೇರೆ ಔಷಧಿ ಏನಾದ್ರೂ ತಗೋತಾರಾ?" ಎಂದು ಡಾಕ್ಟರು ಕೇಳಿದರು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವಳು ತಮ್ಮೂರ ಬೌಲ್ಸ್ ಕ್ಲಬ್ಬಿನ ಅಧ್ಯಕ್ಷರ ಮಗಳು.

"ಅಯ್ಯೋ, ಕುದುರೆ ಹಾಗಿದಾರೆ! ಟೀ ಬಿಟ್ರೆ ಏನೂ ಇಲ್ಲ," ಎಂದಳು ಗ್ಲೆನಿಸ್. ಎಲ್ಲರೂ ನಕ್ಕರು. ಡೆಸ್ ಅವಳ ಬೆರಳನ್ನು ಮೆಲ್ಲಗೆ ಅದುಮಿದ. ಗಂಡನ ಮಾನ ಉಳಿಸಿದೆನೆಂದು ಅವಳು ದಾರಿಯುದ್ದಕ್ಕೂ ಹಿಗ್ಗಿದ್ದಳು.

*

ಗ್ಲೆನಿಸ್ ಕ್ಲಬ್ಬಿನಲ್ಲಿ ನೆರೆದವರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಇಲ್ಲಿರೋರಲ್ಲಿ ಇನ್ಯಾರು ಮೆಥಡೋನ್ ಕುಡೀತಾರೆ ಥೂಯ್?"

"ಹೆಸರು ಹೇಳೋ ಹಾಗಿಲ್ಲ." ಇದ್ದಾರೆ ಎನ್ನುವುದು ಅವಳ ಮುಖದಲ್ಲೇ ಇತ್ತು.

ಸತ್ತವನ ಬಗ್ಗೆ ನಾಲ್ಕು ಮಾತಾಡಲೆಂದು ಇಟ್ಟಿದ್ದ ಮೈಕನ್ನು ಗ್ಲೆನಿಸ್ ಎತ್ತಿಕೊಂಡಳು.

"ಬೇಡ ಅತ್ತಿಗೆ, ಸುಸ್ತಾಗಿದೀಯ," ಎಂದು ಬೆವರ್ಲಿ ಅವಳ ಶಾಲು ಹಿಡಿದೆಳೆದಳು.

"ಡೆಸ್ ಮೆಥಡೋನ್ ಕುಡೀತಿದ್ದ. ಹಲ್ಲಿನ ಡಾಕ್ಟ್ರ ಹತ್ರ ನಾನು ಮುಚ್ಚಿಟ್ಟೆ. ಅವರು ಕೊಟ್ಟ ಮಾತ್ರೆ ಅದ್ರ ಜೊತೆ ಆಗ್ಬರಲ್ಲ. ನಾನು ಬಾಯಿ ಬಿಡ್ಲಿಲ್ಲ, ಅವನು ಹೋದ."

ಬೆವರ್ಲಿ ಹಿಡಿದಿದ್ದ ಶಾಲು ಕೈಜಾರಿತು.

ಹಿಂದಿನ ಬಾಗಿಲ ಬಳಿ ಒಬ್ಬ ಹೆಂಗಸು ಕೈಚೀಲಕ್ಕೆ ಕೈ ಹಾಕಿದಳು. ಗಂಡ ಅವಳ ಮಣಿಕಟ್ಟು ಹಿಡಿದ. ಅವಳು ಕೊಡವಿಕೊಂಡು, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯೊಂದನ್ನು ಎಲ್ಲರ ತಲೆಗಳ ಮೇಲೆ ಥೂಯ್ ಕಡೆಗೆ ಎತ್ತಿ ಹಿಡಿದು, "ಇದು ಅದ್ರ ಜೊತೆ ಆಗುತ್ತಾ?" ಎಂದಳು.