ಬೂಟಿನ ಹಿಮ್ಮಡಿಯ ಒಂದು ಸಾಲು

"ಕೆಟಲ್ ಆಯ್ತು, ಕೋಳಿ ಆಯ್ತು, ಮನೆಯಷ್ಟು ದೊಡ್ಡ ಕುರ್ಚಿನೂ ಆಯ್ತು. ನಮ್ಮ ಬೂಟು ಯಾವಾಗ ಬರುತ್ತೋ?" ಹಿಂದಿನ ಸೀಟಿನಿಂದ ಅಕ್ಕ ಕೇಳಿದಳು.

'ನಮ್ಮ' ಎಂಬ ಮಾತು ಮುಂದೆ ಕೂತಿದ್ದ ಅವಳ ತಮ್ಮ ಮೇಸ್ತ್ರಿಗೆ ಕತ್ತಿನ ಹಿಂದೆ ಇರುವೆ ಕಚ್ಚಿದ ಹಾಗಾಯಿತು. ಹೆದ್ದಾರಿಯ ಉದ್ದಕ್ಕೂ ಇರುವ ದೈತ್ಯ ಗೊಂಬೆಗಳನ್ನೆಲ್ಲ ಮೂರು ದಿನದಲ್ಲಿ ನೋಡಿ ಮುಗಿಸುವ ಹುಚ್ಚು ಅವನ ಮಗಳದು. ಕಾರು ಓಡಿಸುತ್ತಿದ್ದವಳೂ ಅವಳೇ.

"ಅದನ್ನ ಕೆಡವಿದಾರಂತೆ. ಮುಂದೆ ಎಡಕ್ಕೆ ತಗೋ ಮಗಳೇ, ಬೈಪಾಸಲ್ಲಿ ಬೇಗ ಹೋಗ್ಬಹುದು."

"ಯಾರಂದ್ರು ಅಪ್ಪಾ? ನಿನ್ನೆ ತಾನೇ ಯಾರೋ ಫೋಟೋ ಹಾಕಿದಾರೆ."

"ಹಳೇದಿರಬೇಕು."

"ಕೆಡವಿದ್ರೆ ಜಾಗನಾದ್ರೂ ನೋಡ್ತೀನಿ," ಎಂದಳು ಅಕ್ಕ. "ಹೆತ್ತವಳಿಗೆ ಅಷ್ಟೂ ಹಕ್ಕಿಲ್ವೇನೋ?"

ಹೆತ್ತವಳೆಂದರೆ ಸುಳ್ಳಲ್ಲ. ಮೂವತ್ತು ವರ್ಷದ ಹಿಂದೆ ಚಪ್ಪಲಿ ಅಂಗಡಿಯವರೊಬ್ಬರಿಗೆ ಎರಡು ಮಹಡಿ ಎತ್ತರದ ಬೂಟು ಬೇಕಾಗಿತ್ತು. ಕಬ್ಬಿಣದ ಹಂದರ, ಜಾಲರಿ, ಗಾರೆ ಎಲ್ಲ ಮೇಸ್ತ್ರಿಯದೇ. ಆದರೆ ಲೇಸಿನ ಗಂಟು ಮಾತ್ರ ಅವನ ಕೈಗೆ ಹತ್ತಲಿಲ್ಲ. ಎರಡು ಸಲ ತಂತಿ ಸುತ್ತಿ ಮಾಡಿದ. ಎರಡು ಸಲವೂ ಸತ್ತ ಹಾವಿನ ಹಾಗೆ ಬಿದ್ದುಕೊಂಡಿತು. ಹಿತ್ತಲಲ್ಲಿ ಹೂಕುಂಡ ಮಾಡುತ್ತಿದ್ದ ಅಕ್ಕ, "ಸರಿ ಅತ್ಲಾಗೆ," ಎಂದು ಬಂದವಳೇ ತೋಳುಗಾತ್ರದ ಹಗ್ಗವನ್ನು ಸಿಮೆಂಟು ಹಾಲಿನಲ್ಲಿ ಅದ್ದಿ, ಅದು ಬಿಗಿಯುವ ಮೊದಲೇ ಒಂದೇ ಉಸಿರಿಗೆ ಕಟ್ಟಿಬಿಟ್ಟಳು. ಬೆಳಿಗ್ಗೆ ಯಾರೋ ಅವಸರದಲ್ಲಿ ಕಟ್ಟಿಕೊಂಡು ಹೊರಟಂತಿತ್ತು ಆ ಗಂಟು. ಅವಳ ಎರಡೂ ಅಂಗೈಯ ಚರ್ಮ ಸುಲಿದುಹೋಗಿ, ಎಂಟು ದಿನ ಅವನೇ ತುತ್ತು ಮಾಡಿ ತಿನ್ನಿಸಿದ್ದ.

ಗಂಟು ಲಾರಿ ಹತ್ತಿತು. ಕೈಗೆ ಪಟ್ಟಿ ಸುತ್ತಿಕೊಂಡ ಅಕ್ಕ ಮನೆಯಲ್ಲೇ ಉಳಿದಳು. ಅದನ್ನು ಹೆದ್ದಾರಿಯ ಬೂಟಿಗೆ ಕೂರಿಸಿ ಅವನು ಹಿಂತಿರುಗಿದಾಗ ಅವಳು ಕೇಳಿದ್ದು ಒಂದೇ ಮಾತು: "ಹೆಸರು ಹಾಕಿದ್ಯಾ?"

"ಹಿಮ್ಮಡಿ ಮೇಲೆ. ಇಬ್ರದ್ದೂ."

ಅವತ್ತಿನಿಂದ ಅವನು ಅವಳನ್ನು ಈ ದಾರಿಯಲ್ಲಿ ಒಮ್ಮೆಯೂ ಕರೆದುಕೊಂಡು ಬಂದಿರಲಿಲ್ಲ.

ಮಗಳು ಬೈಪಾಸಿಗೆ ತಿರುಗಿಸದೆ ನೇರ ಮುಂದೆ ಹೋದದ್ದೇ ತಡ, ಬೂಟು ಎದುರಿಗೇ ನಿಂತಿತ್ತು. ಬಣ್ಣ ಹೋಗಿದ್ದರೂ ಕಲ್ಲುಗುಂಡಿನ ಹಾಗಿತ್ತು.

"ಕೆಡವಿದ್ದನ್ನ ಮತ್ತೆ ಕಟ್ಟಿದಾರೆ ನೋಡು," ಎಂದು ನಕ್ಕಳು ಅಕ್ಕ. "ಅಯ್ಯೋ, ಎಲ್ರೂ ಗಂಟಿನ ಕೆಳಗೇ ನಿಂತು ಫೋಟೋ ತೆಗೆಸ್ಕೊತಿದಾರಲ್ಲೋ!"

ಅವಳು ಮಾತ್ರ ಗಂಟಿನ ಹತ್ತಿರ ಹೋಗಲಿಲ್ಲ. ಮಂಡಿ ಹಿಡಿದುಕೊಂಡು ನೇರವಾಗಿ ಹಿಮ್ಮಡಿಯ ಕಡೆಗೆ ನಡೆದಳು. ಅದರ ಪಕ್ಕದಲ್ಲಿ, ಎದೆಯ ಎತ್ತರಕ್ಕೆ, ಸಿಮೆಂಟಿನಲ್ಲಿ ಕೊರೆದ ಅಕ್ಷರಗಳಿದ್ದವು.

"ಕನ್ನಡಕ ಕಾರಲ್ಲೇ ಬಿಟ್ಟೆ. ಓದೋ."

ಮೇಸ್ತ್ರಿ ಓದಿದ. ಮೊದಲು ಅಕ್ಕನ ಹೆಸರು, ಆಮೇಲೆ ತನ್ನದು. ಹಿಂದೆ ನಿಂತಿದ್ದ ಮಗಳು ಬರಹವನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿದಳು. ಅವಳು ಏನಾದರೂ ಅಂದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಅಕ್ಕ ಹೆಬ್ಬೆರಳನ್ನು ಅಕ್ಷರಗಳ ಮೇಲೆ ಎಳೆದಳು. ಜನ್ಮವೆಲ್ಲ ಸಿಮೆಂಟು ಸವರಿದ ಬೆರಳು. ಅಕ್ಷರದ ಕೆಳಗೂ ಸವರಿದಳು, ಮೇಲೂ ಸವರಿದಳು. ನುಣ್ಣಗಿತ್ತು.

"ನಾಲ್ಕಕ್ಷರದಲ್ಲಿ ಎರಡು ಹೆಸರು ಹೇಗೋ ಹಿಡಿಸ್ದೆ?"

ಅವನು ಬಾಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ.

"ಅಂಗಡಿಯವ್ರು ಬೇಡ ಅಂದ್ರಾ?" ಅವಳ ದನಿ ಮೆತ್ತಗಿತ್ತು, ಬೀಳುವವನಿಗೆ ಕೈ ಚಾಚಿದ ಹಾಗಿತ್ತು. ಅಂಗಡಿಯವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. 'ಹೂಂ' ಎಂದರೆ ಕೇಳುವವರಿರಲಿಲ್ಲ.

"ಇಲ್ಲಕ್ಕಾ. ಯಾರ್ಯಾರು ಮಾಡಿದ್ದು ಅಂತ ಅವರೇ ಕೇಳಿದ್ರು. ಗಂಟು ನೋಡಿ ಕೈ ಮುಗಿದ್ರು. ನಾನೇ... ಒಬ್ನೇ ಮಾಡ್ದೆ ಅಂದೆ."

"ಅದು ಬಿಡು, ಆಗ ವಯಸ್ಸು, ಆಸೆ. ಈಗ ತಾನೇ ಓದಿದ್ಯಲ್ಲ ನನ್ನ ಹೆಸರು, ಮಗಳ ಮುಂದೆ. ಅದಕ್ಕೇನು ಹೇಳ್ತೀ?"

ಮೇಸ್ತ್ರಿಗೆ ಕಿವಿಯ ತುದಿಯವರೆಗೂ ಬಿಸಿ ಏರಿತು.

ಅಕ್ಕ ಸೆರಗಿನಿಂದ ಬೆರಳಿನ ಧೂಳು ಒರೆಸಿಕೊಂಡು ಅವನ ಮಗಳತ್ತ ತಿರುಗಿದಳು. "ನಮ್ಮಿಬ್ರದ್ದು ಒಂದು ಫೋಟೋ ತೆಗಿಯೇ."

"ಗಂಟಿನ ಹತ್ರ ಬನ್ನಿ ಅತ್ತೆ, ಚೆನ್ನಾಗಿ ಬರುತ್ತೆ."

"ಬೇಡ, ಇಲ್ಲೇ. ನೀನು ದೂರ ಹೋಗು. ಗಂಟೂ ಬರ್ಬೇಕು, ಈ ಬರಹನೂ ಬರ್ಬೇಕು."

ಮಗಳು ಹಿಂದೆ ಹಿಂದೆ ಸರಿದು, ರಸ್ತೆಯ ಅಂಚಿಗೆ ಹೋಗಿ ಫೋನು ಎತ್ತಿ ಹಿಡಿದಳು. ಮೇಸ್ತ್ರಿ ಹಿಮ್ಮಡಿಗೆ ಬೆನ್ನು ಕೊಟ್ಟು, ಅಕ್ಷರಗಳು ಮುಚ್ಚುವ ಹಾಗೆ ನಿಂತ. ಅಕ್ಕ ಅವನ ಅಂಗಿಯ ತೋಳು ಹಿಡಿದು ಒಂದು ಮೊಳ ಪಕ್ಕಕ್ಕೆ ಎಳೆದು ನಿಲ್ಲಿಸಿದಳು.