ಆಲಿವ್ ತೋಟಕ್ಕೆ ಎರಡು ಶತ್ರು

ಉಪ್ಪಿನಕಾಯಿ ಹಾಕಲೆಂದು ಫಿರೋಜಾ ಆಲಿವ್ ಕಾಯಿ ಸೀಳಿದಳು. ಒಳಗೆ ಹುಳ. ಇನ್ನೊಂದು ಸೀಳಿದಳು. ಅದರಲ್ಲೂ ಹುಳ. ಅವಳ ಕಣ್ಣು ತುಂಬಿ ಬಂತು.

ಮೈಸೂರಿನ ಫಿರೋಜಾ ಮತ್ತು ಅವಳ ಗಂಡ ಯೂನುಸ್ ಪರದೇಶದಲ್ಲಿ, ಸ್ಕ್ರಿಪ್ಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ವಾಸವಿದ್ದರು. ಊರಾಚೆ ರಮೋನಾದ ಗುಡ್ಡದ ಬಳಿ ಆಸೆಪಟ್ಟು ಈ ಸಣ್ಣ ಆಲಿವ್ ತೋಟ ಕೊಂಡಿದ್ದರು.

ಪಕ್ಕದ ತೋಟದ ಶಾಮಲಾ ಆಂಟಿ ಬಂದು ಕಾಯಿ ನೋಡಿದರು.

"ಇದು ಆಲಿವ್ ನೊಣದ ಕೆಲಸ ಕಣಮ್ಮ. ಕಾಯೊಳಗೆ ಮೊಟ್ಟೆ ಇಡತ್ತೆ. ಉದುರಿದ ಕಾಯಿ ಬಿಟ್ರೆ ಹುಳ ಅಲ್ಲೇ ಬೆಳೆದು, ನೊಣವಾಗಿ ಮತ್ತೆ ಬರತ್ತೆ. ಎಲ್ಲಾ ಆರಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಮರದಲ್ಲೂ ಹಳೇ ಕಾಯಿ ಉಳಿಸಬೇಡಿ. ನೊಣ ಹಿಡಿಯೋ ಟ್ರ್ಯಾಪ್ ಕಟ್ಟಿ."

"ಈ ಹುಲ್ಲಲ್ಲಿ ಕಾಯಿ ಎಲ್ಲಿ ಕಾಣತ್ತೆ ಆಂಟಿ?"

"ಅದಕ್ಕೇ ಹುಲ್ಲು ಕೊಯ್ಸು. ನೆಲ ಮುಟ್ಟೋ ಕೊಂಬೆ ಕಡಿಸು. ಕಾಡ್ಗಿಚ್ಚು ಬಂದ್ರೂ ಮರ ಹತ್ತೋಕೆ ದಾರಿ ಇರಲ್ಲ."

ಯೂನುಸ್ ನಕ್ಕ. "ಹಸಿ ಮರ ಎಲ್ಲಾದ್ರೂ ಉರಿಯತ್ತಾ ಆಂಟಿ? ಇಷ್ಟು ವರ್ಷ ಏನೂ ಆಗಿಲ್ವಲ್ಲ!"

"ಮೊದಲು ಉರಿಯೋದು ಕೆಳಗಿನ ಒಣಹುಲ್ಲಪ್ಪ. ಅದರಿಂದ ಕೊಂಬೆಗೆ, ಕೊಂಬೆಯಿಂದ ಮರಕ್ಕೆ. ಒಣಗಾಳಿ ಬೀಸಿದ್ರೆ ನೀನು ಸೊರೆಂಟೊ ವ್ಯಾಲಿ ಆಫೀಸಿಂದ ಡ್ರೈವ್ ಮಾಡ್ಕೊಂಡು ಬರೋಷ್ಟರಲ್ಲಿ ಎಲ್ಲಾ ಮುಗಿದಿರತ್ತೆ."

ಫಿರೋಜಾ ಟೊಂಕ ಕಟ್ಟಿ ನಿಂತಳು. "ನೀವು ಬರದಿದ್ರೆ ನಾನೊಬ್ಳೇ ಮಾಡ್ತೀನಿ" ಎಂದಳು ಗಂಡನಿಗೆ. ಯೂನುಸ್ ಗೊಣಗುತ್ತಲೇ ಜೊತೆಯಾದ. ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡ್ ಕಲ್ಲಿಗೆ ತಾಗಿ ಕಿಡಿ ಹಾರೀತೆಂದು, ಬಿಸಿಲೇರುವ ಮುಂಚೆಯೇ, ತಂಪು ಹೊತ್ತಿನಲ್ಲಿ ಹುಲ್ಲು ಕೊಯ್ದರು. ಕೆಳಕೊಂಬೆ ಕಡಿದು, ಹುಳದ ಕಾಯಿ ಆರಿಸಿ ಕಸಕ್ಕೆ ಹಾಕಿ, ಟ್ರ್ಯಾಪ್ ಕಟ್ಟಿದರು. ರಸ್ತೆ ಬದಿಯ ಮರಗಳ ಸಾಲು ಮಾತ್ರ ಉಳಿಯಿತು. "ಅದು ಮುಂದಿನ ವಾರ" ಎಂದ ಯೂನುಸ್.

ಮುಂದಿನ ವಾರಕ್ಕೆ ಗಾಳಿ ಕಾಯಲಿಲ್ಲ. ಶಾಮಲಾ ಆಂಟಿಯ ಫೋನ್ ಬಂತು. "ಬೆಂಕಿ ರಸ್ತೆ ದಾಟ್ತಿದೆ. ನಮ್ಮನ್ನ ಖಾಲಿ ಮಾಡಿಸ್ತಿದಾರೆ, ನಾನು ಹೊರಟೆ. ನೀವು ಈ ಕಡೆ ಬರಲೇಬೇಡಿ. ಮರಕ್ಕಿಂತ ಜೀವ ಮುಖ್ಯ."

ರಸ್ತೆ ತೆರೆದ ಮೇಲೆ ಇಬ್ಬರೂ ಎದೆ ಗಟ್ಟಿ ಮಾಡಿಕೊಂಡು ಹೋದರು. ರಸ್ತೆ ಬದಿಯ ಸಾಲು ಸುಟ್ಟು ಕರಕಲಾಗಿತ್ತು. ಹುಲ್ಲು ತೆಗೆದಿದ್ದ ಕಡೆ ಬೆಂಕಿ ಸೊರಗಿತ್ತು. ಅಗ್ನಿಶಾಮಕದವರು ಅದನ್ನು ಅಲ್ಲೇ ತಡೆದಿದ್ದರು. ಒಳಗಿನ ಮರಗಳು ಹಸಿರಾಗಿಯೇ ನಿಂತಿದ್ದವು.

ಯೂನುಸ್ ಸುಟ್ಟ ಬುಡವನ್ನು ಮುಟ್ಟಿ ನೋಡಿದ. ಆಮೇಲೆ ಕುಡುಗೋಲು ಕೈಗೆತ್ತಿಕೊಂಡ. "ಇನ್ಮೇಲೆ ಹುಲ್ಲು ನನ್ನ ಜವಾಬ್ದಾರಿ, ಫಿರೋಜಾ."

ಮರುವರ್ಷ ಹುಳ ಪೂರ್ತಿ ಹೋಗಲಿಲ್ಲ. ಆದರೆ ಜಾಡಿಗಳು ತುಂಬುವಷ್ಟು ಒಳ್ಳೆಯ ಕಾಯಿ ಸಿಕ್ಕಿತು.

ನಿಮ್ಮ ಹಿತ್ತಿಲಲ್ಲಿ ಒಂದೇ ಆಲಿವ್ ಮರವಿದ್ದರೂ ಸರಿ, ಉದುರಿದ ಕಾಯಿ ಆರಿಸಿ, ಒಣಹುಲ್ಲು ತೆಗೆಯಿರಿ, ಕೆಳಕೊಂಬೆ ಕತ್ತರಿಸಿ. ಪಕ್ಕದವರಿಗೂ ಹೇಳಿ, ನೊಣಕ್ಕಾಗಲಿ ಬೆಂಕಿಗಾಗಲಿ ಬೇಲಿಯ ಲೆಕ್ಕವಿಲ್ಲ. ಬೆಂಕಿ ಬಂದಾಗ ಅಧಿಕಾರಿಗಳು ಹೊರಡಿ ಎಂದರೆ ತಡಮಾಡದೆ ಹೊರಡಿ. ಉಳಿದ ಕೆಲಸವನ್ನು ಮುಂದಿನ ವಾರಕ್ಕೆ ಬಿಡಬೇಡಿ, ಇವತ್ತೇ ಶುರುಮಾಡಿ.